ಸ್ಕ್ರೀನ್ ಹಾಕುವುದು ಕಷ್ಟವಲ್ಲ, ನಂಬುವಂಥ ಸ್ಕ್ರೀನ್ ಸಿಗುವುದೇ ಕಷ್ಟ

ಸಂಪಾದಕರಿಗೆ ನಮಸ್ಕಾರ.

ನಾನು ಮಸ್ಕಿಯಲ್ಲಿ ಬ್ಲೌಸ್ ಹೊಲಿಯುವವಳು. ಎರಡು ತಿಂಗಳ ಹಿಂದೆ ನನ್ನ ಫೋನ್ ಬಿದ್ದು ಸ್ಕ್ರೀನ್ ಒಡೆಯಿತು. ಅದನ್ನು ನಾನೇ ಮನೆಯಲ್ಲಿ ಬದಲಾಯಿಸಿಕೊಂಡೆ. ಈ ಪತ್ರವನ್ನೂ ಅದೇ ಫೋನಿನಲ್ಲಿ ಟೈಪ್ ಮಾಡುತ್ತಿದ್ದೇನೆ. ನನ್ನಂಥ ಎಷ್ಟೋ ಜನ ಒಡೆದ ಸ್ಕ್ರೀನ್ ಇಟ್ಟುಕೊಂಡು ಬೆರಳು ಕೊಯ್ದುಕೊಳ್ಳುತ್ತಿದ್ದಾರೆ, ಇಲ್ಲಾಂದ್ರೆ ಸಾಲ ಮಾಡಿ ಹೊಸ ಫೋನ್ ತಗೋತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಅದು ಮದುವೆ ಸೀಸನ್. ಗಿರಾಕಿಯೊಬ್ಬರು ಕಳಿಸಿದ ಕುತ್ತಿಗೆ ಡಿಸೈನ್ ನೋಡುತ್ತಾ ಹೊಲಿಯುತ್ತಿದ್ದೆ, ಫೋನ್ ಮೆಷಿನ್ ಟೇಬಲ್ ಮೇಲಿತ್ತು. ಮೋಟಾರ್ ಹಾಕಿದ ಮೆಷಿನ್, ಓಡುವಾಗ ಟೇಬಲ್ ನಡುಗುತ್ತದೆ. ಫೋನ್ ಸ್ವಲ್ಪ ಸ್ವಲ್ಪವೇ ಅಂಚಿಗೆ ಜರುಗುತ್ತಾ ಹೋಗಿದ್ದು ನನಗೆ ಗೊತ್ತೇ ಆಗಲಿಲ್ಲ. ಕೆಳಗೆ ಶಹಾಬಾದ್ ಪರಸಿ. ಮೂಲೆ ತಾಗಿ ಬಿತ್ತು. ಎತ್ತಿ ನೋಡಿದರೆ ಜೇಡರ ಬಲೆ ಹಾಗೆ ಬಿರುಕು, ಎಡಗಡೆ ಶಾಯಿ ಚೆಲ್ಲಿದಂತೆ ಕಪ್ಪು ಕಲೆ.

ನಮ್ಮ ಕೆಲಸ ಪೂರ್ತಿ ಫೋನಿನಲ್ಲೇ ಇದೆ. ಅಳತೆ, ಡಿಸೈನ್, ಬಾಕಿ ಲೆಕ್ಕ, ದುಡ್ಡು ಎಲ್ಲ ಅದರಲ್ಲೇ. ಮರುದಿನವೇ ರಾಯಚೂರಿಗೆ ಹೋದೆ. ಶಕ್ತಿ ಯೋಜನೆ ಇರುವುದರಿಂದ ಬಸ್ಸಿಗೆ ದುಡ್ಡಿಲ್ಲ ನಿಜ, ಆದರೆ ಒಂದು ದಿನದ ಹೊಲಿಗೆ ಹೋಯಿತು. ಅಲ್ಲಿ ಒಂದು ಸರ್ವಿಸ್ ಸೆಂಟರ್‌ನಲ್ಲಿ 4,800 ರೂಪಾಯಿ ಹೇಳಿದರು. ಫೋನ್ ತಗೊಂಡಿದ್ದೇ 13,000ಕ್ಕೆ, ಅದೂ ಎರಡು ವರ್ಷದ ಹಿಂದೆ. ಮೂರು ದಿನ ಬಿಟ್ಟು ಹೋಗಿ, ಡೇಟಾ ಹೋದರೆ ನಾವು ಜವಾಬ್ದಾರರಲ್ಲ ಅಂತ ಒಂದು ಕಾಗದಕ್ಕೆ ಸಹಿ ಕೇಳಿದರು. ಅಷ್ಟಕ್ಕೂ ನಾನು ಒಪ್ಪುತ್ತಿದ್ದೆನೇನೋ. ಆಮೇಲೆ ಪ್ಯಾಟರ್ನ್ ಲಾಕ್ ಕೇಳಿದರು. ಕೌಂಟರ್ ಮೇಲೆ ಬೇರೆಯವರ ಫೋನ್‌ಗಳು ಸಾಲಾಗಿ ಇದ್ದವು. ಪ್ರತಿಯೊಂದರ ಬೆನ್ನಿಗೂ ಬಿಳಿ ಚೀಟಿ, ಅದರ ಮೇಲೆ ಹೆಸರು, ನಂಬರ್, ಜೊತೆಗೆ ಒಂಬತ್ತು ಚುಕ್ಕಿ ಹಾಕಿ ಗೆರೆ ಎಳೆದು ತೋರಿಸಿದ ಲಾಕ್. ಯಾರು ಬೇಕಾದರೂ ನೋಡಬಹುದಿತ್ತು.

ನನ್ನ ಫೋನಿನಲ್ಲಿ ಊರಿನ ಎಷ್ಟೋ ಹೆಣ್ಣುಮಕ್ಕಳ ಫೋಟೋ ಇವೆ. ಟ್ರಯಲ್ ನೋಡುವಾಗ ಎಲ್ಲಿ ಬಿಗಿ, ಎಲ್ಲಿ ಸಡಿಲ ಅಂತ ಅವರೇ ನಂಬಿ ತೆಗೆಸಿಕೊಂಡ ಫೋಟೋಗಳು. ಅವನ್ನು ಮೂರು ದಿನ ಗುರುತಿಲ್ಲದ ಜಾಗದಲ್ಲಿ ಲಾಕ್ ಬರೆದುಕೊಟ್ಟು ಬಿಟ್ಟು ಬರಲು ನನ್ನಿಂದ ಆಗಲಿಲ್ಲ. ಫೋನ್ ವಾಪಸ್ ತಗೊಂಡು ಬಸ್ ಹತ್ತಿದೆ. ಕೆಲವು ಸ್ಯಾಮ್‌ಸಂಗ್ ಫೋನ್‌ಗಳಲ್ಲಿ ಮೇಂಟೆನೆನ್ಸ್ ಮೋಡ್, ಗೂಗಲ್ ಪಿಕ್ಸೆಲ್‌ನಲ್ಲಿ ರಿಪೇರ್ ಮೋಡ್ ಅಂತ ಇದೆಯಂತೆ, ಅದನ್ನು ಹಾಕಿ ಕೊಟ್ಟರೆ ರಿಪೇರಿಯವರಿಗೆ ನಮ್ಮ ಫೋಟೋ, ಮೆಸೇಜ್ ಕಾಣುವುದಿಲ್ಲ. ಆಮೇಲೆ ತಿಳಿಯಿತು. ನನ್ನ ಫೋನಿನಲ್ಲಿ ಅದಿಲ್ಲ. ಇರುವವರು ಅದನ್ನು ಹಾಕದೆ ಫೋನ್ ಕೊಡಲೇಬೇಡಿ.

ಮನೆಗೆ ಬಂದು ವಿಡಿಯೋ ಹುಡುಕಿದೆ. ಮೊದಲು ಸಿಕ್ಕಿದ್ದೆಲ್ಲ ಟೂತ್‌ಪೇಸ್ಟ್ ಹಚ್ಚಿ, ಅಡುಗೆ ಸೋಡಾ ಹಚ್ಚಿ ಬಿರುಕು ಮಾಯ ಮಾಡಿ ಅನ್ನುವಂಥವು. ದಯವಿಟ್ಟು ಇದನ್ನು ಯಾರೂ ನಂಬಬೇಡಿ. ನನ್ನ ನಾದಿನಿ ನಂಬಿ ಹಚ್ಚಿ ಉಜ್ಜಿದಳು, ಪೇಸ್ಟ್ ಹೋಗಿ ಸ್ಪೀಕರ್ ಜಾಲರಿಯಲ್ಲಿ ಕೂತು ಗಟ್ಟಿಯಾಗಿ ಮಾತು ಕೇಳದ ಹಾಗಾಯಿತು. ಬಿರುಕು ಅನ್ನೋದು ಗಾಜೇ ಸೀಳಿರುವುದು, ಮೇಲೆ ಏನು ತಿಕ್ಕಿದರೂ ಸೀಳು ಕೂಡುವುದಿಲ್ಲ. ಸದ್ಯಕ್ಕೆ ದುಡ್ಡಿಲ್ಲ ಅಂದ್ರೆ ಅಗಲವಾದ ಸೆಲ್ಲೋಟೇಪ್ ಅಂಟಿಸಿಕೊಳ್ಳಿ, ಬೆರಳಿಗೆ ಗಾಜು ಚುಚ್ಚುವುದು ತಪ್ಪುತ್ತದೆ.

ಇನ್ನೊಂದು ವಿಷಯ ತಿಳಿಯಿತು. ನಾವು ಸ್ಕ್ರೀನ್ ಅನ್ನುವುದು ಒಂದೇ ಗಾಜಲ್ಲ. ಮೇಲೆ ಗಾಜು, ಅದರ ಕೆಳಗೆ ಟಚ್, ಅದರ ಕೆಳಗೆ ಚಿತ್ರ ತೋರಿಸುವ ಡಿಸ್‌ಪ್ಲೇ, ಮೂರನ್ನೂ ಪಾರದರ್ಶಕ ಅಂಟಿನಿಂದ ಒಂದು ಮಾಡಿರುತ್ತಾರೆ. ಗಾಜು ಮಾತ್ರ ಒಡೆದಿದ್ದರೆ ಚಿತ್ರ ಚೆನ್ನಾಗಿಯೇ ಕಾಣುತ್ತದೆ, ಆದರೆ ಬರೀ ಗಾಜು ಬಿಡಿಸಿ ಬೇರೆ ಅಂಟಿಸಲು ಮೆಷಿನ್ ಬೇಕು. ಮನೆಯಲ್ಲಿ ಆಗುವ ಕೆಲಸವಲ್ಲ, ಪ್ರಯತ್ನಿಸಿದರೆ ಚೆನ್ನಾಗಿದ್ದ ಡಿಸ್‌ಪ್ಲೇನೂ ಹೋಗುತ್ತದೆ. ಮನೆಯಲ್ಲಿ ಆಗುವುದು ಮೂರನ್ನೂ ಒಟ್ಟಿಗೆ ಬದಲಾಯಿಸುವುದು. ಅದಕ್ಕೆ ಅಂಗಡಿಯಲ್ಲಿ ಕಾಂಬೋ ಅಥವಾ ಫೋಲ್ಡರ್ ಅಂತಾರೆ.

ನಾನು ಮೊದಲು ಟ್ರಂಕಿನಲ್ಲಿದ್ದ ನಮ್ಮ ಯಜಮಾನರ ಕೆಟ್ಟುಹೋದ ಹಳೇ ಫೋನನ್ನು ಮೂರು ಸಲ ಬಿಚ್ಚಿ ಜೋಡಿಸಿ ಕೈ ಕೂರಿಸಿಕೊಂಡೆ. ಆಮೇಲೆ ನನ್ನ ಫೋನ್. ಫೋಟೋ, ನಂಬರ್ ಎಲ್ಲ ಬ್ಯಾಕಪ್ ಮಾಡಿದೆ. ಚಾರ್ಜ್ 25 ಪರ್ಸೆಂಟ್‌ಗಿಂತ ಕಡಿಮೆ ಆಗುವ ತನಕ ಬಿಟ್ಟು ಸ್ವಿಚ್ ಆಫ್ ಮಾಡಿದೆ. ಬ್ಯಾಟರಿ ತುಂಬಿದ್ದಾಗ ಏನಾದರೂ ಚುಚ್ಚಿದರೆ ಬೆಂಕಿ ಜೋರು. ಸ್ಕ್ರೀನ್ ತುಂಬಾ ಟೇಪ್ ಅಂಟಿಸಿದೆ, ಗಾಜಿನ ಚೂರು ಹಾರಬಾರದಲ್ವಾ. ಕಣ್ಣಿಗೆ ಕನ್ನಡಕ, ಕೆಳಗೆ ಬಿಳಿ ಲೈನಿಂಗ್ ಬಟ್ಟೆ, ಸ್ಕ್ರೂ ಬಿದ್ದರೆ ಕಾಣಲಿ ಅಂತ. ಮಕ್ಕಳನ್ನು ಹೊರಗೆ ಕಳಿಸಿದೆ.

ಪಕ್ಕದ ಬ್ಯೂಟಿ ಪಾರ್ಲರ್ ಅಕ್ಕನಿಂದ ಹೇರ್ ಡ್ರೈಯರ್ ಇಸಕೊಂಡು ಹಿಂದಿನ ಮುಚ್ಚಳದ ಅಂಚಿನುದ್ದಕ್ಕೂ ಆಡಿಸುತ್ತಾ ಬಿಸಿ ಮಾಡಿದೆ. ಒಂದೇ ಕಡೆ ಹಿಡಿಯಬಾರದು, ಒಳಗೆ ಬ್ಯಾಟರಿ ಇದೆ. ಇಸ್ತ್ರಿ ಪೆಟ್ಟಿಗೆಯಂತೂ ಇಡಲೇಬಾರದು. ಅಂಟು ಮೆತ್ತಗಾದ ಮೇಲೆ ಹಳೇ ಸಿಮ್ ಜೊತೆ ಬಂದಿದ್ದ ಪ್ಲಾಸ್ಟಿಕ್ ಕಾರ್ಡನ್ನು ಕತ್ತರಿಸಿ ಸಂದಿಗೆ ತೂರಿಸಿ ನಿಧಾನಕ್ಕೆ ಜರುಗಿಸಿದೆ. ಕಬ್ಬಿಣದ ಬ್ಲೇಡ್ ಬೇಡ. ಹಿಂದಿನ ಮುಚ್ಚಳ ಬಿಟ್ಟಿತು ಅಂತ ಜಗ್ಗಿಬಿಡಬೇಡಿ, ಬೆರಳಚ್ಚು ಓದುವ ಜಾಗ ಹಿಂದೆ ಇರುವ ಫೋನ್‌ಗಳಲ್ಲಿ ಅದರ ರಿಬ್ಬನ್‌ನಂಥ ತೆಳು ವೈರ್ ಮುಚ್ಚಳಕ್ಕೇ ಅಂಟಿರುತ್ತದೆ, ಜಗ್ಗಿದರೆ ಹರಿಯುತ್ತದೆ. ಹಳೇ ಫೋನಿನಲ್ಲಿ ಹರಿದುಕೊಂಡೇ ಇದನ್ನು ಕಲಿತೆ.

ಸ್ಕ್ರೂಗಳ ವಿಷಯದಲ್ಲಿ ನನ್ನ ಕಸುಬೇ ಉಪಯೋಗಕ್ಕೆ ಬಂತು. ಬ್ಲೌಸ್ ಕಟಿಂಗ್‌ಗೆ ಪೇಪರ್ ಮೇಲೆ ಗೆರೆ ಎಳೆಯುವ ಹಾಗೆ ಫೋನಿನ ಆಕಾರ ಬರೆದು, ಯಾವ ಸ್ಕ್ರೂ ಎಲ್ಲಿಂದ ಬಂತೋ ಅದೇ ಜಾಗದಲ್ಲಿ ಟೇಪ್ ಹಾಕಿ ಅಂಟಿಸುತ್ತಾ ಹೋದೆ. ಕಣ್ಣಿಗೆ ಎಲ್ಲ ಒಂದೇ ಕಂಡರೂ ಉದ್ದ ಬೇರೆ ಬೇರೆ ಇರುತ್ತವೆ. ಗಿಡ್ಡ ಸ್ಕ್ರೂ ಇರುವ ತೂತಿಗೆ ಉದ್ದದ್ದು ಹಾಕಿ ತಿರುವಿದರೆ ಕೆಳಗಿನ ಬೋರ್ಡನ್ನೇ ಕೊರೆದುಬಿಡುತ್ತದೆ. ಆಮೇಲೆ ಮೊಟ್ಟಮೊದಲು ಬ್ಯಾಟರಿಯ ಕನೆಕ್ಟರ್ ಬಿಡಿಸಬೇಕು, ಅದಾದ ಮೇಲೆಯೇ ಡಿಸ್‌ಪ್ಲೇಯದ್ದು. ಈ ಕನೆಕ್ಟರ್ ಥೇಟ್ ನಮ್ಮ ಟಿಚ್ ಬಟನ್ ಇದ್ದ ಹಾಗೆ. ಓರೆಯಾಗಿ ಒತ್ತಿದರೆ ಕಾಲು ಬಾಗುತ್ತದೆ, ನೇರ ಕೂರಿಸಿ ಒತ್ತಿದರೆ ಬೆರಳಿಗೆ ಟಕ್ ಅಂತ ಗೊತ್ತಾಗುತ್ತದೆ. ಟಿಚ್ ಬಟನ್ ಹಾಕಿದ ಕೈಗೆ ಇದನ್ನು ಯಾರೂ ಕಲಿಸಬೇಕಿಲ್ಲ.

ಕೈಕೆಲಸ ಇಷ್ಟೇ. ಎರಡೂವರೆ ಗಂಟೆ ಹಿಡಿಯಿತು. ನಿಜವಾದ ಕಷ್ಟ ಬಂದಿದ್ದು ಫೋಲ್ಡರ್ ಹುಡುಕುವಾಗ.

ಆನ್‌ಲೈನ್‌ನಲ್ಲಿ 1,350 ರೂಪಾಯಿಗೆ ಒಂದು ತರಿಸಿದೆ. ಒರಿಜಿನಲ್ ಅಂತ ಬರೆದಿದ್ದರು. ಪುಣ್ಯಕ್ಕೆ ಅಂಟು ಹಾಕುವ ಮೊದಲೇ ಕನೆಕ್ಟ್ ಮಾಡಿ ನೋಡಿದೆ. ಕೀಬೋರ್ಡಿನ ಕೊನೇ ಸಾಲು ಒತ್ತಿದರೆ ಅಕ್ಷರವೇ ಬರುತ್ತಿರಲಿಲ್ಲ. ಒಂದು ಆಪ್ ಚಿಹ್ನೆಯನ್ನು ಬೆರಳಲ್ಲಿ ಹಿಡಿದು ಸ್ಕ್ರೀನ್ ತುಂಬಾ ನಿಧಾನಕ್ಕೆ ಎಳೆದಾಡಿದರೆ ಟಚ್ ಸತ್ತ ಜಾಗದಲ್ಲಿ ಅದು ಬೆರಳಿಂದ ಬಿಟ್ಟುಹೋಗುತ್ತದೆ. ಹೊಸ ಸ್ಕ್ರೀನ್ ಹಾಕಿಸುವವರು ಅಂಗಡಿಯಲ್ಲೇ ಹೀಗೆ ನೋಡಿಕೊಳ್ಳಿ. ಅದನ್ನು ವಾಪಸ್ ಕಳಿಸಿ ನಮ್ಮೂರ ಬಜಾರಿನ ಅಂಗಡಿಗೆ ಹೋದೆ. ಅಲ್ಲಿನ ಹುಡುಗ ಒಂದು ಮಾತೂ ಮುಚ್ಚಿಡಲಿಲ್ಲ. "ಅಕ್ಕಾ, ಇದರಾಗ ಒರಿಜಿನಲ್, ಕಾಪಿ, ಫಸ್ಟ್ ಕಾಪಿ ಅಂತ ಬರ್ತಾವು. ಮಾಲು ಕೊಡೋ ಸಿಂಧನೂರಿನವ್ರು ನಮಗ ಏನ್ ಹೇಳಿ ಕೊಡ್ತಾರೋ ಅದನ್ನ ನಾವು ನಿಮಗ ಹೇಳ್ತೀವಿ" ಅಂದ. 1,700ಕ್ಕೆ ತರಿಸಿಕೊಟ್ಟ, ಕೌಂಟರ್ ಮೇಲೇ ಕನೆಕ್ಟ್ ಮಾಡಿ ತೋರಿಸಿದ, ಸಣ್ಣ ಸ್ಕ್ರೂಡ್ರೈವರ್ ಸುಮ್ನೆ ಕೊಟ್ಟ. ಅಂಥ ಹುಡುಗರ ಹೊಟ್ಟೆ ಮೇಲೆ ಹೊಡೆಯುವುದಕ್ಕೆ ನಾನು ಈ ಪತ್ರ ಬರೆಯುತ್ತಿಲ್ಲ. ಅವರಿಗೂ ಸರಿಯಾದ ಮಾಲು ಸಿಗಬೇಕು ಅಂತ ಬರೆಯುತ್ತಿದ್ದೇನೆ.

ಕಾಪಿಯಲ್ಲಿ ಏನು ತೊಂದರೆ ಅಂದರೆ, ದುಬಾರಿ ಫೋನ್‌ಗಳಲ್ಲಿ ಓಎಲ್‌ಇಡಿ ಅನ್ನುವ, ಒಂದೊಂದು ಚುಕ್ಕಿಯೂ ತಾನೇ ಬೆಳಗುವ ಸ್ಕ್ರೀನ್ ಇರುತ್ತದೆ, ಕೆಲವದರಲ್ಲಿ ಬೆರಳಚ್ಚು ಕೂಡ ಸ್ಕ್ರೀನಿನ ಒಳಗೇ ಇರುತ್ತದೆ. ಅದಕ್ಕೆ ಹಿಂದಿನಿಂದ ದೀಪ ಬೇಕಾಗುವ ಅಗ್ಗದ ಎಲ್‌ಸಿಡಿ ಕಾಪಿ ಹಾಕಿದರೆ ಬೆರಳಚ್ಚು ಓದುವುದೇ ಇಲ್ಲ. ಗಿರಾಕಿಗೆ ಇದು ತಿಳಿಯುವುದು ಮನೆಗೆ ಹೋದ ಮೇಲೆ. ಅಂಥ ಫೋನ್, ಅಂಚು ಬಾಗಿದ ಸ್ಕ್ರೀನಿನ ಫೋನ್, ಬ್ಯಾಟರಿ ಉಬ್ಬಿದ ಫೋನ್ ಇವನ್ನು ಮನೆಯಲ್ಲಿ ಬಿಚ್ಚಬೇಡಿ ಅಂತ ಕೈಮುಗಿದು ಹೇಳುತ್ತೇನೆ. ನೀರು ಹೋಗದ ಫೋನ್ ಕೂಡ ಒಮ್ಮೆ ಬಿಚ್ಚಿದ ಮೇಲೆ ನೀರು ತಡೆಯುತ್ತದೆ ಅಂತ ನಂಬುವ ಹಾಗಿಲ್ಲ.

ಅಂಟು ಬಿ-7000 ಅಂತ ಸಿಗುತ್ತದೆ. ದಾರದಷ್ಟು ತೆಳ್ಳಗೆ ಎಳೆಯಬೇಕು, ಜಾಸ್ತಿ ಆದರೆ ಸ್ಪೀಕರ್ ಜಾಲರಿಗೆ ಹೋಗುತ್ತದೆ. ರಬ್ಬರ್ ಬ್ಯಾಂಡ್ ಹಾಕಿ ಒಂದು ದಿನ ಪೂರ್ತಿ ಮುಟ್ಟದೆ ಬಿಟ್ಟೆ. ನಮ್ಮ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ, ಬೈಕ್ ಸೀಟಿನ ಮೇಲೆ, ಕಿಟಕಿಯಲ್ಲಿ ಬಿಸಿಲಿಗೆ ಇಟ್ಟರೆ ಹಾಕಿದ ಅಂಟೇ ಸಡಿಲ ಆಗಬಹುದು.

ಈಗ ನಾನು ಕೇಳಬೇಕಾದ್ದನ್ನು ಕೇಳುತ್ತೇನೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ರೈಟ್ ಟು ರಿಪೇರ್, ಅಂದ್ರೆ ರಿಪೇರಿ ಹಕ್ಕಿನ ಪೋರ್ಟಲ್ ಶುರು ಮಾಡಿದೆ. ಕಂಪನಿಗಳು ರಿಪೇರಿ ಮಾಹಿತಿ, ಬಿಡಿಭಾಗದ ವಿವರ ಅಲ್ಲಿ ಹಾಕಬೇಕು ಅನ್ನುವುದು ಉದ್ದೇಶ. ಒಳ್ಳೆಯದೇ. ಆದರೆ ಮಸ್ಕಿಯ ಬಜಾರಿಗೆ ಅದರಿಂದ ಏನು ಬಂತು? ಫೋನ್ ಮಾರುವಾಗ ಅದು ಎಷ್ಟು ಸುಲಭಕ್ಕೆ ರಿಪೇರಿ ಆಗುತ್ತದೆ ಅಂತ ಹತ್ತಕ್ಕೆ ಇಷ್ಟು ಅಂಕ ಅಂತ ತೋರಿಸಬೇಕು ಅನ್ನುವ ನಿಯಮ ಫ್ರಾನ್ಸ್‌ನಲ್ಲಿ 2021ರಲ್ಲೇ ಬಂದಿತ್ತು. ಯುರೋಪ್ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಬಂದ ನಿಯಮದ ಪ್ರಕಾರ, ಒಂದು ಮಾಡೆಲ್ ಮಾರುವುದು ನಿಲ್ಲಿಸಿದ ಮೇಲೂ 7 ವರ್ಷ ಸ್ಕ್ರೀನ್‌ನಂಥ ಮುಖ್ಯ ಬಿಡಿಭಾಗ ಕೊಡಬೇಕು. ಅದೇ ಕಂಪನಿಗಳೇ ಅಲ್ವಾ ಇಲ್ಲೂ ಮಾರುತ್ತಿರುವುದು? ಅಲ್ಲಿ ಆಗುವುದು ರಾಯಚೂರು ಜಿಲ್ಲೆಯಲ್ಲಿ ಏಕೆ ಆಗಬಾರದು? ಸ್ಕ್ರೀನಿಗೆ ಎಷ್ಟು, ಕೂಲಿ ಎಷ್ಟು ಅಂತ ಸರ್ವಿಸ್ ಸೆಂಟರ್ ಬಾಗಿಲಲ್ಲೇ ಕನ್ನಡದಲ್ಲಿ ಬೋರ್ಡ್ ಹಾಕಲಿ. ಕಂಪನಿಯ ಫೋಲ್ಡರನ್ನು ನಮ್ಮೂರ ಅಂಗಡಿಯವರಿಗೂ, ನಮಗೂ ಬಿಲ್ ಸಮೇತ ಮಾರಲಿ. ಕಾಪಿ ಮಾರುವವರು ಕಾಪಿ ಅಂತಲೇ ಪೊಟ್ಟಣದ ಮೇಲೆ ಬರೆಯಲಿ, ಅದನ್ನು ತಗೊಳ್ಳುವವರು ಗೊತ್ತಿದ್ದೇ ತಗೊಳ್ಳುತ್ತಾರೆ. ಮೋಸ ಆದವರು ಸುಮ್ಮನಿರಬೇಡಿ, 1915ಕ್ಕೆ ಫೋನ್ ಮಾಡಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು.

ಇನ್ನೊಂದು ಮಾತು. ನಾನು ಹೊಲಿಗೆ ಕಲಿತದ್ದು ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆಯಲ್ಲಿ, ಆರ್‌ಸೆಟಿ ಅಂತ ಕರೆಯುತ್ತಾರಲ್ಲ, ಅಲ್ಲಿ. ಊಟ, ವಸತಿ, ತರಬೇತಿ ಎಲ್ಲ ಉಚಿತ. ಮೊಬೈಲ್ ರಿಪೇರಿ ತರಬೇತಿಯೂ ಅಲ್ಲೇ ಪಕ್ಕದ ಕೋಣೆಯಲ್ಲಿ ನಡೆಯುತ್ತಿತ್ತು. ನಮ್ಮ ಕೋಣೆಯಲ್ಲಿ ಎಲ್ಲ ಹೆಣ್ಣುಮಕ್ಕಳು, ಆ ಕೋಣೆಯಲ್ಲಿ ಎಲ್ಲ ಹುಡುಗರು. ಆಗ ಅದು ಸಹಜ ಅನ್ನಿಸಿತ್ತು. ಈಗ ಅನ್ನಿಸುವುದಿಲ್ಲ. ಕೊಕ್ಕೆ ಹಾಕುವ, ಜರಿ ಕೂರಿಸುವ ಬೆರಳುಗಳಿಗೆ ಈ ಕೆಲಸ ದೊಡ್ಡದಲ್ಲ. ತಾಲ್ಲೂಕಿಗೆ ಒಬ್ಬಳು ಹೆಣ್ಣುಮಗಳು ಮೊಬೈಲ್ ರಿಪೇರಿ ಅಂಗಡಿ ಇಟ್ಟರೂ ಸಾಕು, ಫೋನ್ ಕೊಡಲು ಹೆದರುವ ಎಷ್ಟೋ ಹೆಂಗಸರು ಧೈರ್ಯವಾಗಿ ಅಲ್ಲಿಗೆ ಹೋಗುತ್ತಾರೆ. ತರಬೇತಿ ಕೊಡುವವರು ಮುಂದಿನ ತಂಡಕ್ಕೆ ಹೆಣ್ಣುಮಕ್ಕಳನ್ನು ಹೆಸರು ಹಿಡಿದು ಕರೆಯಲಿ. ನಾನೂ ಅರ್ಜಿ ಹಾಕುತ್ತೇನೆ.

ಕೊನೆಗೆ ಒಂದು ಪ್ರಶ್ನೆ ಉಳಿದಿದೆ. ಒಡೆದ ಹಳೇ ಫೋಲ್ಡರನ್ನು ಪೇಪರಿನಲ್ಲಿ ಸುತ್ತಿ, ಅದರ ಜೊತೆ ಯಜಮಾನರ ಫೋನಿನ ಹಳೇ ಬ್ಯಾಟರಿಯನ್ನು ಮರಳು ತುಂಬಿದ ಡಬ್ಬಿಯಲ್ಲಿ ಹಾಕಿ ಹಿತ್ತಲಲ್ಲಿ ಇಟ್ಟಿದ್ದೇನೆ. ಕಸದ ಗಾಡಿಗೆ ಹಾಕಲು ಮನಸ್ಸಿಲ್ಲ, ಅವರು ಬೆಂಕಿ ಹಚ್ಚಿದರೆ ಕಷ್ಟ. ಇ-ತ್ಯಾಜ್ಯ ನಿಯಮ 2023ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಮಸ್ಕಿ, ಲಿಂಗಸುಗೂರು, ಸಿಂಧನೂರು ಕಡೆಯವರು ಇಂಥದ್ದನ್ನು ಎಲ್ಲಿ ಕೊಡಬೇಕು ಅಂತ ಪುರಸಭೆಯವರಾಗಲಿ ತಿಳಿದವರಾಗಲಿ ಇದೇ ಪುಟದಲ್ಲಿ ಬರೆದು ತಿಳಿಸಬೇಕು.

– ಒಬ್ಬ ಹೊಲಿಗೆಗಾರ್ತಿ, ಮಸ್ಕಿ, ರಾಯಚೂರು ಜಿಲ್ಲೆ