ಚಿನ್ನುವಿನ ಸಿಟ್ಟಿನ ವಿಷಯವಾಗಿ ಅವ್ವನಿಗೆ

ಸ್ಟಟ್‌ಗಾರ್ಟ್
ಶನಿವಾರ

ಪ್ರೀತಿಯ ಅವ್ವನಿಗೆ ಮತ್ತು ಅಪ್ಪಾವ್ರಿಗೆ,

ಯೇಸುವಿನ ನಾಮದಲ್ಲಿ ವಂದನೆಗಳು. ನಾವೆಲ್ಲರೂ ಕ್ಷೇಮ, ನೀವೂ ಕ್ಷೇಮವೆಂದು ನಂಬಿದ್ದೇನೆ. ಅವ್ವ, ನಿನ್ನ ಪತ್ರ ಮುಟ್ಟಿತು. ನಿನ್ನ ಮೊಮ್ಮಗ ಚಿನ್ನು ಮಾತುಮಾತಿಗೆ ಸಿಟ್ಟಾಗಿ ಕೈಗೆ ಸಿಕ್ಕಿದ್ದನ್ನು ಎಸೆಯುವುದನ್ನು ವಿಡಿಯೋ ಕಾಲ್‌ನಲ್ಲಿ ಕಂಡಂದಿನಿಂದ ನಿನಗೆ ನಿದ್ದೆ ಹತ್ತುತ್ತಿಲ್ಲವೆಂದೂ, ಒಂದೆರಡು ವರ್ಷ ಅವನನ್ನು ಬೆಟಗೇರಿಗೆ ಕಳುಹಿಸಿಕೊಟ್ಟರೆ ನೀನೇ ತಿದ್ದುವೆಯೆಂದೂ ಬರೆದಿದ್ದೀ. ಉಳಿದ ಸುದ್ದಿಗಳನ್ನು ಬದಿಗಿಟ್ಟು ಇದೊಂದಕ್ಕೇ ಉತ್ತರ ಬರೆಯುತ್ತಿದ್ದೇನೆ.

ಚಿನ್ನುವಿಗೆ ಯಾವ ರೋಗವೂ ಇಲ್ಲ; ಇದನ್ನು ದಯವಿಟ್ಟು ನಂಬು. ಇಲ್ಲಿ ಜರ್ಮನಿಯಲ್ಲಿ ಮಗು ಹುಟ್ಟಿದೊಡನೆ ಒಂದು ಹಳದಿ ಪುಸ್ತಕ ಕೊಡುತ್ತಾರೆ. ಯಾವ ವಯಸ್ಸಿಗೆ ಯಾವ ತಪಾಸಣೆ ಎಂಬುದೆಲ್ಲ ಅದರಲ್ಲಿ ದಾಖಲಾಗುತ್ತದೆ. ನಾಲ್ಕು ತುಂಬುವ ಹೊತ್ತಿಗೆ ಮಾಡುವ ಯು-8 ತಪಾಸಣೆಯಲ್ಲಿ ಕಣ್ಣು, ಕಿವಿ, ಮಾತು, ನಡವಳಿಕೆ ಎಲ್ಲವನ್ನೂ ನೋಡಿ ಡಾಕ್ಟರು ತೃಪ್ತಿಯಿಂದಲೇ ಸಹಿ ಹಾಕಿದ್ದಾರೆ. ಈ ವಯಸ್ಸಿನ ಮಕ್ಕಳಿಗೆ ಮನಸ್ಸಿನಲ್ಲಿರುವುದನ್ನು ಮಾಡಿ ತೋರಿಸಲು ಕೈ ಸಾಲದು, ಹೇಳಲು ಮಾತೂ ಸಾಲದು. ಸಿಟ್ಟನ್ನು ತಡೆದು ಹಿಡಿಯುವ ಮಿದುಳಿನ ಭಾಗವು ಪೂರ್ತಿ ಬಲಿಯಬೇಕಾದರೆ ಹರೆಯವೂ ದಾಟಬೇಕು ಎಂದು ಅವರು ವಿವರಿಸಿದರು.

ಬೆತ್ತ ಹಿಡಿಯದ ತಂದೆ ಮಗನಿಗೆ ಶತ್ರುವೆಂಬ, ಬೈಬಲಿನ ಜ್ಞಾನೋಕ್ತಿ ಪುಸ್ತಕದ ವಚನವನ್ನು ನೆನಪಿಸಿದ್ದೀ. ಈ ದೇಶದಲ್ಲಿ 2000ನೇ ಇಸವಿಯಿಂದ, ಹೆತ್ತವರೇ ಆಗಲಿ, ಮಕ್ಕಳಿಗೆ ಹೊಡೆಯುವಂತಿಲ್ಲವೆಂದು ಕಾನೂನಿದೆ. ಆದರೆ ನಾವು ಕೈ ಎತ್ತದಿರುವುದು ಕಾನೂನಿಗೆ ಅಂಜಿ ಅಲ್ಲ. ಅದೇ ವೇದದಲ್ಲಿ ಪೌಲನು ಕೊಲೊಸ್ಸೆಯವರಿಗೆ ಬರೆಯುವಾಗ, ಮಕ್ಕಳನ್ನು ಕೆಣಕಿ ಅವರ ಮನಗುಂದಿಸಬೇಡಿರೆಂದು ತಂದೆಗಳಿಗೇ ಎಚ್ಚರಿಕೆ ಕೊಟ್ಟಿದ್ದಾನೆ. ನೀನು ನಮಗೆ ಬಾಯಿಪಾಠ ಮಾಡಿಸಿದ ಇಪ್ಪತ್ತಮೂರನೆಯ ಕೀರ್ತನೆಯಲ್ಲಿ ಕುರುಬನ ಕೋಲು ಕುರಿಗೆ ಧೈರ್ಯ ಕೊಡುತ್ತದೆಯೇ ಹೊರತು ಭಯವನ್ನಲ್ಲ. ಶಿಸ್ತು ಬೇಡವೆಂದು ನಾನು ಹೇಳುತ್ತಿಲ್ಲ. ಎಸೆದ ಆಟಿಗೆ ಆ ದಿನಕ್ಕೆ ಕಪಾಟು ಸೇರುತ್ತದೆ. ತಂಗಿ ಪುಟ್ಟಿಯ ಮೇಲೆ ಕೈ ಮಾಡಿದರೆ ಅವನನ್ನು ಕೂಡಲೇ ಬೇರೆ ಕೋಣೆಗೆ ಎತ್ತಿಕೊಂಡು ಹೋಗುತ್ತೇವೆ, ಮತ್ತು ನಮ್ಮಲ್ಲೊಬ್ಬರು ಅವನ ಜೊತೆಗೇ ಕುಳಿತಿರುತ್ತೇವೆ.

ಅವ್ವ, ಈ ಮಗುವಿನ ಸಿಟ್ಟಿನ ಮುಂದೆ ಕುಳಿತು ನಾನು ವೇದವನ್ನು ಹೊಸದಾಗಿ ಓದುತ್ತಿದ್ದೇನೆ. ಚಳಿಗಾಲದಲ್ಲಿ ಇಲ್ಲಿ ಹೊರಗೆ ಹೊರಡಬೇಕಾದರೆ ದಪ್ಪ ಕೋಟು, ಟೊಪ್ಪಿಗೆ, ಕೈಗವಸು, ಬೂಟು ಎಲ್ಲ ಬೇಕು. ಕೋಟಿನ ಜಿಪ್ಪನ್ನು ತಾನೇ ಹಾಕಿಕೊಳ್ಳಬೇಕೆಂದು ಚಿನ್ನುವಿನ ಹಟ. ಅದು ನಡುವೆ ಸಿಕ್ಕಿಕೊಂಡರೆ ನೆಲಕ್ಕೆ ಬಿದ್ದು ಹೊರಳಾಡುತ್ತಾನೆ. ನಾನು ಕೈ ಚಾಚಿದರೆ ತಳ್ಳುತ್ತಾನೆ, ಎದ್ದು ಹೋದರೆ ಇನ್ನೂ ಜೋರಾಗಿ ಅಳುತ್ತಾನೆ. ಸಹಾಯವೂ ಬೇಡ, ಬಿಟ್ಟು ಹೋಗುವುದೂ ಬೇಡ. ವೀಸಾದ ಕಾಗದಗಳು ತಡವಾದ ದಿನಗಳಲ್ಲಿ ನನ್ನ ಪ್ರಾರ್ಥನೆಯೂ ಹೀಗೆಯೇ ಇತ್ತಲ್ಲವೇ, ಆಗಲೂ ದೇವರು ನನ್ನ ಹತ್ತಿರದಿಂದ ಏಳಲಿಲ್ಲವಲ್ಲವೇ ಎಂದು ಅಲ್ಲಿಯೇ ಬಾಗಿಲ ಬಳಿ ಕುಳಿತು ನೆನೆಯುತ್ತೇನೆ.

ಅಪ್ಪಾವ್ರು 1 ಅರಸುಗಳು ಹತ್ತೊಂಬತ್ತನೆಯ ಅಧ್ಯಾಯವನ್ನು ಇಂದಿನ ಕುಟುಂಬ ಪ್ರಾರ್ಥನೆಯಲ್ಲಿ ಓದಿಸಲಿ. ಎಲೀಯನು ಅಡವಿಯಲ್ಲಿ ಗಿಡದ ಕೆಳಗೆ ಬಿದ್ದು, ಸಾಕಾಯಿತು, ನನ್ನ ಪ್ರಾಣ ತೆಗೆದುಬಿಡು ಎನ್ನುತ್ತಾನೆ. ಅಷ್ಟು ದೊಡ್ಡ ಪ್ರವಾದಿಯ ಬಾಯಿಂದ ಬಂದ ಆ ಮಾತಿಗೆ ದೇವರು ಬೈಯಲಿಲ್ಲ. ಅವನನ್ನು ಮಲಗಲು ಬಿಟ್ಟನು. ದೂತನ ಕೈಯಿಂದ ಕೆಂಡದ ಮೇಲೆ ಸುಟ್ಟ ರೊಟ್ಟಿಯನ್ನೂ ತಂಬಿಗೆ ನೀರನ್ನೂ ಕಳುಹಿಸಿದನು. ಮತ್ತೆ ಮಲಗಿದಾಗ ಎಬ್ಬಿಸಿ ಎರಡನೆಯ ಸಲವೂ ಉಣಿಸಿದನು. ಎಲೀಯಾ, ನಿನಗೆ ಇಲ್ಲೇನು ಕೆಲಸ ಎಂಬ ಪ್ರಶ್ನೆ ಬಂದದ್ದು ಅವನು ಹೋರೇಬ್ ಬೆಟ್ಟವನ್ನು ಮುಟ್ಟಿದ ಮೇಲೆ. ಈಗ ಚಿನ್ನು ರಚ್ಚೆ ಹಿಡಿದರೆ ನಾವು ಮೊದಲು ನೋಡುವುದು ಅವನ ಹೊಟ್ಟೆ ಮತ್ತು ನಿದ್ದೆಯನ್ನೇ. ಬುದ್ಧಿಮಾತು ಆಮೇಲೆ. ಬಹಳ ಸಲ ಒಂದು ಚಪಾತಿ ತುಪ್ಪ ತಿಂದ ಮೇಲೆ ಬುದ್ಧಿಮಾತಿನ ಅಗತ್ಯವೇ ಬೀಳುವುದಿಲ್ಲ.

ಯೋನನ ಪುಸ್ತಕವನ್ನೂ ಓದಿ. ನಿನೆವೆ ಪಟ್ಟಣ ಉಳಿಯಿತೆಂದು ಯೋನನಿಗೆ ಸಿಟ್ಟು, ಸೋರೆಗಿಡ ಒಣಗಿತೆಂದು ಸಿಟ್ಟು. ನೀನು ಸಿಟ್ಟಾಗುವುದು ಸರಿಯೋ ಎಂದು ದೇವರು ತಾಳ್ಮೆಯಿಂದ ಅವನನ್ನು ಕೇಳುತ್ತಾನೆ, ಮತ್ತು ಆ ಪುಸ್ತಕ ಮುಗಿಯುವುದೂ ದೇವರ ಪ್ರಶ್ನೆಯಿಂದಲೇ. ಯೋನನು ಏನು ಉತ್ತರ ಕೊಟ್ಟನೆಂದು ಬರೆದಿಲ್ಲ. ಅದಕ್ಕಾಗಿ ನಾನೂ ಚಿನ್ನುವಿನಿಂದ ಆ ಗಳಿಗೆಯಲ್ಲಿಯೇ ಕ್ಷಮೆ ಕೇಳಿಸಲು ಹೊರಡುವುದಿಲ್ಲ. ರಾತ್ರಿ ಪ್ರಾರ್ಥನೆಯಲ್ಲಿ ಒಮ್ಮೊಮ್ಮೆ ಅವನೇ, ಯೇಸಪ್ಪಾ, ಪುಟ್ಟಿಗೆ ಹೊಡೆದೆ, ಎಂದು ಹೇಳುತ್ತಾನೆ.

ಅವನನ್ನು ಕಳುಹಿಸುವ ಮಾತಿಗೆ ಬರುತ್ತೇನೆ. ನಿನ್ನ ಪ್ರೀತಿಯ ಬಗ್ಗೆ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಆದರೆ 1841ರಲ್ಲಿ ನಮ್ಮ ಬೆಟಗೇರಿಗೆ ಬಾಸೆಲ್ ಮಿಷನ್ ಬಂದಿತಲ್ಲ, ಆ ಮಿಷನ್ನಿನ ಪಾದ್ರಿಗಳ ಮಕ್ಕಳನ್ನು ಶಾಲೆಗೆ ಹೋಗುವ ವಯಸ್ಸಿಗೆ ತಾಯಂದಿರಿಂದ ಬಿಡಿಸಿ, ಹಡಗು ಹತ್ತಿಸಿ ಯುರೋಪಿಗೆ ಕಳುಹಿಸುತ್ತಿದ್ದರು. ಬಾಸೆಲ್‌ನಲ್ಲಿ ಅವರಿಗಾಗಿಯೇ ಒಂದು ಮನೆ ಕಟ್ಟಿಸಿದ್ದರು. ಎಷ್ಟೋ ವರ್ಷ ಹೆತ್ತವರ ಮುಖ ಕಾಣದೆ ಬೆಳೆದ ಮಕ್ಕಳವರು. ಆ ಜನರ ಸೇವೆಯಿಂದ ನಮ್ಮ ಮನೆತನಕ್ಕೆ ವೇದ ಸಿಕ್ಕಿತೆಂಬ ಕೃತಜ್ಞತೆ ನನಗಿದೆ, ಆ ತಾಯಂದಿರ ದುಃಖವನ್ನು ನೆನೆದರೆ ಹೊಟ್ಟೆ ಸಂಕಟವೂ ಆಗುತ್ತದೆ. ಸಿಟ್ಟು ಬರುತ್ತದೆಂಬ ಕಾರಣಕ್ಕೆ ದೂರ ಕಳುಹಿಸಿದರೆ, ಸಿಟ್ಟಾದವರನ್ನು ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲವೆಂದು ಚಿನ್ನು ತಿಳಿಯುತ್ತಾನೆ. ಆದ್ದರಿಂದ ಅವನು ನಮ್ಮ ಹತ್ತಿರವೇ ಇರುತ್ತಾನೆ. ಇವರದೂ ಇದೇ ಅಭಿಪ್ರಾಯ. ಅವನು ಬೆಟಗೇರಿಗೆ ಬರುವುದು ನಮ್ಮೊಡನೆ, ಕ್ರಿಸ್ಮಸ್ಸಿಗೆ. ಆಗ ಎಷ್ಟು ಬೇಕಾದರೂ ಮುದ್ದು ಮಾಡು.

ನೆರೆಯವರು ಬೈಯುವುದಿಲ್ಲವೇ ಎಂದು ಕೇಳಿದ್ದೀ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೂ, ರವಿವಾರ ಇಡೀ ದಿನವೂ ಸದ್ದು ಮಾಡಬಾರದೆಂಬ ನಿಯಮವಿರುವುದು ನಿಜ, ಆದರೆ ಮಕ್ಕಳ ಅಳುವಿಗೆ ಯಾರೂ ತಕರಾರು ಮಾಡುವುದಿಲ್ಲ. ಕೆಳಮನೆಯ ಅಜ್ಜಿ ಚಿನ್ನುವನ್ನು ಕಂಡರೆ ಬಿಸ್ಕೀಟು ಕೊಡುತ್ತಾರೆ. ಅವನು ಚೆನ್ನಾಗಿ ಉಣ್ಣುತ್ತಾನೆ, ಚೆನ್ನಾಗಿ ಮಲಗುತ್ತಾನೆ, ತೂಕ ಸರಿಯಾಗಿದೆ, ಪುಟ್ಟಿಯೂ ಆರಾಮವಾಗಿದ್ದಾಳೆ, ನಾನೂ ಆರಾಮ. ನೀನು ನಿದ್ದೆಗೆಟ್ಟು ಬಿ.ಪಿ. ಏರಿಸಿಕೊಳ್ಳಬೇಡ, ಗುಳಿಗೆ ತಪ್ಪಿಸಬೇಡ.

ಈ ಮನೆಗಳಲ್ಲಿ ಮೆಟ್ಟಿಲು ಒರೆಸಲು ವಾರಕ್ಕೊಬ್ಬರ ಪಾಳಿ ಇರುತ್ತದೆ. ಈ ವಾರ ಪಾಳಿಯ ಹಲಗೆ ನಮ್ಮ ಬಾಗಿಲಿಗೆ ತೂಗಿದೆ, ಇಂದೇ ಮುಗಿಸಬೇಕು. ನಾಳೆ ಅಂಗಡಿಗಳೂ ಇರುವುದಿಲ್ಲ, ಹಾಲು ತರಬೇಕು. ಅಕ್ಕನಿಗೆ ಬೇರೆ ಬರೆಯುತ್ತೇನೆ. ಅಯ್ಯನವರಿಗೆ ವಂದನೆ ತಿಳಿಸಿರಿ.

ನಿಮ್ಮ ಪ್ರೀತಿಯ ಮಗಳು