ಮುಂಗಡ ಮತ್ತು ಹೊರಗಿನ ಪಾರ್ಟ್ ಬಗ್ಗೆ ನಮ್ಮ ಔಟ್‌ಬೋರ್ಡ್ ಗ್ರಾಹಕರಿಗೆ

ಮಲ್ಪೆ, ಗಂಗೊಳ್ಳಿ, ಮುರ್ಡೇಶ್ವರದ ನಮ್ಮ ಎಲ್ಲ ಬೋಟ್ ಮಾಲೀಕರಿಗೂ ಬೋಟ್ ನಡೆಸುವ ತಾಂಡೇಲರಿಗೂ ನಮಸ್ಕಾರ.

ಆಗಸ್ಟ್ 1ರಿಂದ ಬೋಟಿನ ಹಿಂಬದಿಗೆ ಕಟ್ಟುವ ಔಟ್‌ಬೋರ್ಡ್ ಎಂಜಿನ್ ರಿಪೇರಿ ಮಾಡುವ ನಮ್ಮ ಶೆಡ್ಡಿನಲ್ಲಿ ಎರಡು ಬದಲಾವಣೆ ಆಗುತ್ತಿದೆ. 40 ಎಚ್‌ಪಿಗಿಂತ ದೊಡ್ಡ ಎಂಜಿನ್‌ಗೆ ಪಾರ್ಟ್ ತರಿಸಬೇಕಾದರೆ ಅರ್ಧ ದುಡ್ಡು ಮುಂಗಡ ಕೊಡಬೇಕು. ಎರಡನೆಯದು, ವಾಟರ್ ಪಂಪ್ ಇಂಪೆಲ್ಲರ್ (ಎಂಜಿನ್ ತಂಪಾಗಿಡಲು ನೀರು ಎತ್ತುವ ರಬ್ಬರ್ ಚಕ್ರ), ಥರ್ಮೋಸ್ಟಾಟ್ (ಎಂಜಿನಿನ ಬಿಸಿ ಹತೋಟಿಯಲ್ಲಿಡುವುದು), ಫ್ಯೂಯಲ್ ಪಂಪ್, ಗೇರ್‌ಕೇಸಿನ (ಫ್ಯಾನು, ಅಂದರೆ ಪ್ರೊಪೆಲ್ಲರ್, ತಿರುಗಿಸುವ ಗೇರ್ ಇರುವ ಕೆಳಭಾಗ) ಸೀಲ್, ಈ ನಾಲ್ಕರಲ್ಲಿ ಹೊರಗಿನಿಂದ ತಂದ ಡೂಪ್ಲಿಕೇಟ್ ಮಾಲನ್ನು ನಾವು ಇನ್ನು ಹಾಕಿಕೊಡುವುದಿಲ್ಲ.

ಇಷ್ಟು ವರ್ಷ ನಿಮ್ಮೊಟ್ಟಿಗೆ ಬಾಯಿಮಾತಿನಲ್ಲೇ ವ್ಯವಹಾರ ನಡೆದಿದೆ. ಈಗ ಮುಂಗಡ ಕೇಳಲು ನಮಗೂ ಸಂಕೋಚವೇ. ಬೇಸರ ಆದರೆ ಕ್ಷಮಿಸಿ. ಆದರೆ ಕಾರಣ ಪೂರ್ತಿ ಓದಿ, ಆಮೇಲೆ ಬೈಯಿರಿ.

"ಅದೇ ಇಂಪೆಲ್ಲರ್ ಆನ್‌ಲೈನಿನಲ್ಲಿ ಅರ್ಧ ರೇಟಿಗೆ ಸಿಗುತ್ತದೆ ಮಾರಾಯ್ರೆ, ನೀವು ಯಾಕೆ ಇಷ್ಟು ತೆಗೆದುಕೊಳ್ಳುತ್ತೀರಿ?" ಈ ಮಾತನ್ನು ಬಂದರಿನ ಧಕ್ಕೆಯಲ್ಲಿ ಕೇಳಿದ್ದೇವೆ, ಫೋನಿನಲ್ಲಿ ಕೇಳಿದ್ದೇವೆ. ನಮ್ಮ ಹುಡುಗರು ಕೈಯಲ್ಲಿ ಸ್ಪ್ಯಾನರ್ ಹಿಡಿದು ಕೆಲಸ ಮಾಡುವಾಗ ಅವರ ಎದುರಿಗೇ ಹೇಳಿದವರೂ ಇದ್ದಾರೆ. ಆ ಮಾತು ಅವರಿಗೆ ತಾಗುತ್ತದೆ. ಹಾಗಾಗಿ ಒಮ್ಮೆ ಸರಿಯಾಗಿ ಉತ್ತರ ಕೊಡುತ್ತೇವೆ.

ಅದು "ಅದೇ" ಇಂಪೆಲ್ಲರ್ ಅಲ್ಲ. ನೋಡಲು ಒಂದೇ ಥರ ಇರುತ್ತದೆ, ನಿಜ. ಕಪ್ಪು ರಬ್ಬರ್, ಆರು ರೆಕ್ಕೆ, ನಡುವೆ ಲೋಹದ ಬುಶ್. ಆದರೆ ಅದರ ಕೆಲಸ ಏನು ನೋಡಿ. ಎಂಜಿನ್ ನಿಮಿಷಕ್ಕೆ 5000 ಸುತ್ತು ಓಡಿದರೆ ಇಂಪೆಲ್ಲರ್ ಕೂಡ ಅಷ್ಟೇ ಸುತ್ತುತ್ತದೆ. ಪ್ರತಿ ಸುತ್ತಿಗೂ ಒಂದೊಂದು ರೆಕ್ಕೆಯೂ ಮಡಚಿ ಬಿಚ್ಚಬೇಕು. ಅದೂ ಉಪ್ಪುನೀರಿನಲ್ಲಿ, ಮರಳು ಸೇರಿದ ನೀರಿನಲ್ಲಿ. ಕಳಪೆ ರಬ್ಬರ್ ಆದರೆ ರೆಕ್ಕೆ ಮಡಚಿದ ಕಡೆಗೇ ಬಾಗಿ ಗಟ್ಟಿಯಾಗಿಬಿಡುತ್ತದೆ. ಇಲ್ಲವೇ ನಡುವಿನ ಬುಶ್ ರಬ್ಬರಿನಿಂದ ಬಿಟ್ಟುಕೊಳ್ಳುತ್ತದೆ. ಆಗ ಶಾಫ್ಟ್ ತಿರುಗುತ್ತದೆ, ರೆಕ್ಕೆ ನಿಂತಲ್ಲೇ ಇರುತ್ತದೆ. ಹಿಂದಿನಿಂದ ಬರುವ ನೀರಿನ ಧಾರೆ ನಿಲ್ಲುತ್ತದೆ, ಅಲಾರಂ ಕೂಗುತ್ತದೆ, ಸ್ಪೀಡು ತಾನಾಗಿಯೇ ಇಳಿಯುತ್ತದೆ. ನೇತ್ರಾಣಿ ದ್ವೀಪದಿಂದ ಡೈವಿಂಗ್ ಮುಗಿಸಿ ಜನ ತುಂಬಿಕೊಂಡು ವಾಪಸ್ ಬರುವಾಗ ಹೀಗಾದರೆ ಏನು ಗತಿ, ನೀವೇ ಹೇಳಿ.

ಅಷ್ಟಕ್ಕೇ ಮುಗಿಯುವುದಿಲ್ಲ. ಪಂಪ್ ಬಿಚ್ಚಿದಾಗ ಆರರಲ್ಲಿ ನಾಲ್ಕೇ ರೆಕ್ಕೆ ಸಿಕ್ಕರೆ, ಉಳಿದೆರಡು ಎಲ್ಲಿ ಹೋದವು? ನೀರಿನ ಪೈಪಿನಲ್ಲಿ ಮೇಲೆ ಹೋಗಿ ಸಿಲಿಂಡರ್ ಸುತ್ತಲಿನ ದಾರಿಯಲ್ಲಿ ಎಲ್ಲೋ ಕೂತಿರುತ್ತವೆ. ಹೊಸ ಇಂಪೆಲ್ಲರ್ ಹಾಕಿ ಸುಮ್ನೆ ಮುಚ್ಚಿದರೆ ಎಂಜಿನ್ ಮತ್ತೆ ಬಿಸಿಯಾಗುತ್ತದೆ. ಹಾಗಾಗಿ ನಮ್ಮ ಹುಡುಗರು ಥರ್ಮೋಸ್ಟಾಟ್ ತೆಗೆದು, ಕೆಳಗಿನಿಂದಲೂ ಮೇಲಿನಿಂದಲೂ ನೀರು ಬಿಟ್ಟು, ಆ ರಬ್ಬರ್ ಚೂರು ಕೈಗೆ ಸಿಗುವ ತನಕ ಹುಡುಕುತ್ತಾರೆ. ಬಿಲ್ಲಿನಲ್ಲಿ ಇದು "ಲೇಬರ್" ಅಂತ ಒಂದೇ ಸಾಲು. ಆ ಸಾಲನ್ನು ನೋಡಿಯೇ ನಮಗೆ ಬೈಗುಳ ಬರುವುದು.

ಇನ್ನು ಯೂಟ್ಯೂಬಿನ ಮಾತು. "ಅಲ್ಲಿ ಅರ್ಧ ಗಂಟೆಯಲ್ಲಿ ಗೇರ್‌ಕೇಸ್ ಇಳಿಸುತ್ತಾರೆ" ಅನ್ನುತ್ತೀರಿ. ಅಲ್ಲಿಯದು ಹೆಚ್ಚಾಗಿ ಸಿಹಿನೀರಿನ ಕೆರೆಯಲ್ಲಿ ಓಡಿದ ಎಂಜಿನ್. ನಮ್ಮದು ಹಾಗಲ್ಲ ಅಲ್ವಾ? ಅಲ್ಯೂಮಿನಿಯಂ ಬಾಡಿಯೊಳಗೆ ಸ್ಟೀಲ್ ಬೋಲ್ಟ್, ನಡುವೆ ಉಪ್ಪು. ಎರಡು ವರ್ಷ ಬಿಚ್ಚದೆ ಬಿಟ್ಟರೆ ಬೋಲ್ಟ್ ಅಲ್ಲೇ ಕಚ್ಚಿಕೊಳ್ಳುತ್ತದೆ. ಬಿಸಿ ಕೊಟ್ಟು, ಎಣ್ಣೆ ಬಿಟ್ಟು, ಕಾದು, ಮತ್ತೆ ಬಿಸಿ ಕೊಟ್ಟು ಬಿಡಿಸಬೇಕು. ಅವಸರ ಮಾಡಿದರೆ ತಲೆ ತುಂಡಾಗುತ್ತದೆ. ಆಮೇಲೆ ಡ್ರಿಲ್ ಮಾಡಿ ಹೊಸ ತ್ರೆಡ್ ಹಾಕುವ ಖರ್ಚು ಬೇರೆ. ನಮ್ಮಲ್ಲಿ ಬಿಚ್ಚಿದ ಪ್ರತಿ ಬೋಲ್ಟಿಗೂ ಗ್ರೀಸ್ ಹಚ್ಚಿಯೇ ಮತ್ತೆ ಹಾಕುವುದು. ಆ ಕೆಲಸದ ಬಗ್ಗೆ ನಮಗೆ ಹೆಮ್ಮೆ ಇದೆ, ಮುಚ್ಚಿಟ್ಟುಕೊಳ್ಳುವುದಿಲ್ಲ.

ಮುಂಗಡ ಯಾಕೆ ಅಂದರೆ, ದೊಡ್ಡ ಎಂಜಿನಿನ ಪಾರ್ಟ್ ಊರಲ್ಲಿ ಸಿಗುವುದಿಲ್ಲ. ಎಷ್ಟೋ ಸಲ ದೇಶದಲ್ಲೇ ಸ್ಟಾಕ್ ಇರುವುದಿಲ್ಲ. ಒಂದು ಸೀಲ್ ತರಿಸಿದರೂ ಸಾಗಾಟ, ಕಸ್ಟಮ್ಸ್, ಜಿಎಸ್‌ಟಿ, ಕ್ಲಿಯರಿಂಗ್ ಎಲ್ಲ ಕಟ್ಟಲೇಬೇಕು. 2014ರಲ್ಲಿ ಒಂದು ಡಾಲರ್‌ಗೆ 60 ರೂಪಾಯಿ ಆಸುಪಾಸು ಇತ್ತು. ಈಗ 85 ದಾಟಿದೆ. ಪಾರ್ಟಿನ ಮೂಲ ಬೆಲೆ ಏರದೆ ಇದ್ದರೂ ನಮ್ಮ ಕೈಗೆ ಬರುವಾಗ ಜಾಸ್ತಿಯೇ. ಇದರಲ್ಲಿ ನಾವು ಹಾಕಿದ್ದು ಎಷ್ಟು ಅಂತ ಯಾರಿಗೆ ಅನುಮಾನ ಇದ್ದರೂ ಬನ್ನಿ, ಖರೀದಿ ಬಿಲ್ ತೋರಿಸುತ್ತೇವೆ.

ಇದಕ್ಕಿಂತ ದೊಡ್ಡ ಪೆಟ್ಟು ಬೇರೆ ಇದೆ. ಕೆಲವರು ಅವಸರ ಅಂತ ಪಾರ್ಟ್ ಆರ್ಡರ್ ಮಾಡಿಸುತ್ತಾರೆ. ಬರುವಷ್ಟರಲ್ಲಿ ಹಳೇ ಪಾರ್ಟ್ ಹಾಕಿ ಬೇರೆ ಕಡೆ ರಿಪೇರಿ ಮಾಡಿಸಿಕೊಂಡಿರುತ್ತಾರೆ, ಇಲ್ಲವೇ ಬೋಟೇ ಮಾರಿರುತ್ತಾರೆ. ಆ ಪಾರ್ಟ್ ಇನ್ನೊಬ್ಬರಿಗೆ ಆಗುವುದಿಲ್ಲ. ಒಂದೇ ಕಂಪನಿಯ 150 ಎಚ್‌ಪಿ ಎಂಜಿನ್ ಆದರೂ ಮಾಡೆಲ್ ಬದಲಾದರೆ ಪಾರ್ಟ್ ಬೇರೆ. ಜೋಡಿ ಎಂಜಿನ್ ಇದ್ದರೆ ಸಾಮಾನ್ಯವಾಗಿ ಒಂದರ ಫ್ಯಾನು ಬಲಕ್ಕೆ, ಇನ್ನೊಂದರದ್ದು ಎಡಕ್ಕೆ ತಿರುಗುತ್ತದೆ. ಅವುಗಳ ಗೇರ್‌ಕೇಸಿನೊಳಗಿನ ಸಾಮಾನೂ ಬೇರೆ. ನಮ್ಮ ಕಪಾಟಿನಲ್ಲಿ ಹೀಗೆ ಕೂತಿರುವ ಡಬ್ಬಿಗಳ ದುಡ್ಡು ನಮ್ಮ ಹುಡುಗರ ಸಂಬಳದ ದುಡ್ಡು.

ಡೂಪ್ಲಿಕೇಟ್ ಬೇಡ ಅಂದರೆ ಹೊರಗಿನದ್ದೆಲ್ಲ ಬೇಡ ಅಂತಲ್ಲ. ನಂಬರ್ ಸರಿ ಇರುವ ಒಳ್ಳೆ ಕಂಪನಿಯ ಸ್ಪಾರ್ಕ್ ಪ್ಲಗ್, ಫ್ಯೂಯಲ್ ಹೋಸ್, ಬ್ಯಾಟರಿ ಕೇಬಲ್, ಫ್ಯಾನು ಎಲ್ಲಿಂದ ಬೇಕಾದರೂ ತನ್ನಿ, ಖುಷಿಯಿಂದ ಹಾಕಿಕೊಡುತ್ತೇವೆ. ಎವಿನ್‌ರೂಡ್ ಬ್ರ್ಯಾಂಡಿನ ಎಂಜಿನ್ ಇರುವವರಿಗೆ ಬೇರೆ ದಾರಿಯೇ ಇದೆ. ಆ ಔಟ್‌ಬೋರ್ಡ್ ತಯಾರಿಕೆ 2020ರಲ್ಲೇ ನಿಂತಿದೆ. ಹೊಸದು ಸಿಗದಿದ್ದರೆ ಹಳೇ ಎಂಜಿನ್ ಬಿಚ್ಚಿ ತೆಗೆದ ಒಳ್ಳೆ ಪಾರ್ಟ್ ಹುಡುಕಿಕೊಡುತ್ತೇವೆ. ಅದಕ್ಕೆ ಮುಂಗಡ ಬೇಡ, ಸಿಕ್ಕಿದ ಮೇಲೆ ಕೊಡಿ.

ಪೆಟ್ರೋಲಿನ ಬಗ್ಗೆಯೂ ಒಂದು ಮಾತು. "ಸರ್ವಿಸ್ ಮಾಡಿಸಿ ತಿಂಗಳಾಗಿಲ್ಲ, ಆಗಲೇ ಮಿಸ್ಸಿಂಗ್" (ಎಂಜಿನ್ ತಡವರಿಸಿ ಓಡುವುದು) ಅಂತ ಬರುವ ಎಂಜಿನ್‌ಗಳ ತೊಂದರೆ ಹೆಚ್ಚಾಗಿ ಟ್ಯಾಂಕಿನಲ್ಲಿರುತ್ತದೆ. ಈಗ ಬಂಕಿನಲ್ಲಿ ಸಿಗುವುದು ಶೇ. 20 ಎಥನಾಲ್ ಸೇರಿದ ಪೆಟ್ರೋಲ್. ಔಟ್‌ಬೋರ್ಡಿನ ಪುಸ್ತಕ ತೆಗೆದು ನೋಡಿ, ಸಾಮಾನ್ಯವಾಗಿ ಶೇ. 10ರ ತನಕ ಮಾತ್ರ ಒಪ್ಪಿಗೆ. ಎಥನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಮಳೆಗಾಲ ಪೂರ್ತಿ ಟ್ಯಾಂಕಿನಲ್ಲಿ ಹಾಗೇ ಬಿಟ್ಟರೆ ನೀರು ಕೆಳಗೆ ಕೂರುತ್ತದೆ, ಅಲ್ಲಿಂದ ಪಂಪಿಗೆ, ಇಂಜೆಕ್ಟರಿಗೆ ಹೋಗುತ್ತದೆ. ಇದು ನಮ್ಮ ಕೈಯಲ್ಲಿಲ್ಲ. ನೀರು ಬೇರ್ಪಡಿಸುವ ಫಿಲ್ಟರ್ ಇಲ್ಲದ ಬೋಟಿಗೆ ಈ ಸಲ ಹಾಕಿಸಿಕೊಳ್ಳಿ. ಜೂನ್‌ನಲ್ಲಿ ಬೋಟು ಮೇಲೆ ಎಳೆಯುವಾಗಲೇ ಟ್ಯಾಂಕ್ ಖಾಲಿ ಮಾಡಿ.

ಒಂದು ಸಹಾಯ ನಿಮ್ಮಿಂದಲೂ ಬೇಕು. ಜುಲೈ 31ಕ್ಕೆ ಮಳೆಗಾಲದ ಮೀನುಗಾರಿಕೆ ರಜೆ ಮುಗಿಯುತ್ತದೆ ಅಂತ ಎಲ್ಲರೂ ಕೊನೆಯ ವಾರ ಒಟ್ಟಿಗೇ ಬಂದರೆ ಪಾರ್ಟ್ ಬರುವುದಿಲ್ಲ, ಕೈಯೂ ಸಾಲುವುದಿಲ್ಲ. ಎಂಜಿನನ್ನು ಬೋಟಿಗೆ ಬಿಗಿಯುವ ಕ್ಲ್ಯಾಂಪ್ ಬ್ರಾಕೆಟ್ ಮೇಲಿರುವ ಪ್ಲೇಟಿನ ಫೋಟೋ ಈಗಲೇ ವಾಟ್ಸಾಪ್ ಮಾಡಿ. ಮಾಡೆಲ್, ಸೀರಿಯಲ್ ನಂಬರ್ ಓದುವ ಹಾಗಿರಲಿ. ಪ್ಲೇಟಿಗೆ ತುಕ್ಕು ಹಿಡಿದಿದ್ದರೆ ಖರೀದಿ ಕಾಗದ ತನ್ನಿ. ಆ ನಂಬರ್ ಸಿಕ್ಕರೆ ಬೇಕಾದ ಪಾರ್ಟ್ ಮೊದಲೇ ಹುಡುಕಿಡುತ್ತೇವೆ.

ಈಗಾಗಲೇ ಆರ್ಡರ್ ಕೊಟ್ಟವರಿಗೆ ಈ ಹೊಸ ನಿಯಮ ಇಲ್ಲ, ಹಳೇ ಮಾತೇ ಮಾತು. ಮುಂಗಡ ಒಮ್ಮೆಲೇ ಹೊಂದಿಸಲು ಆಗದವರು ಸಂಕೋಚ ಬಿಟ್ಟು ಬಂದು ಮಾತಾಡಿ, ನಿಮ್ಮ ಕಷ್ಟ ಗೊತ್ತಿಲ್ಲದವರೇನೂ ಅಲ್ಲ ನಾವು. ಸೀಸನ್ನಿನಲ್ಲಿ ಗೇರ್ ಆಯಿಲ್ ಹಾಲು ಹಾಕಿದ ಚಹಾದ ಹಾಗೆ ಕಂಡರೆ, ಮರುದಿನ ಎಷ್ಟೇ ಬುಕಿಂಗ್ ಇದ್ದರೂ ಬೋಟು ಇಳಿಸಬೇಡಿ. ಒಳಗೆ ನೀರು ಹೋಗಿರುತ್ತದೆ; ಸೀಲಿನಲ್ಲಿ ಬಲೆಯ ನೂಲು ಸಿಕ್ಕಿದರೂ ಹೀಗಾಗುತ್ತದೆ. ರಾತ್ರಿ ಆದರೂ ಫೋನ್ ಮಾಡಿ, ನಾವು ಎತ್ತುತ್ತೇವೆ.

ಇಂತಿ ನಿಮ್ಮ,
ಶೆಡ್ಡಿನವರು, ಮಲ್ಪೆ