ಅಂಗಳ ಬಿಟ್ಟು ಬರೆಯಲು ಕುಳಿತವನಿಗೆ ದೊಡ್ಡಪ್ಪನ ಪತ್ರ

ಚಿರಂಜೀವಿ ಪುಟ್ಟನಿಗೆ ದೊಡ್ಡಪ್ಪನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಮೊಣಕಾಲಿನ ನೋವು ಈಗ ಹೇಗಿದೆಯೆಂದು ನೀನು ಬರೆಯಲೇ ಇಲ್ಲ, ಮರೆಯದೆ ತಿಳಿಸು.

ಕಬಡ್ಡಿಯಿಂದ ನಿವೃತ್ತನಾದ ಮೇಲೆ ಬರವಣಿಗೆಯನ್ನೇ ಕಸುಬಾಗಿಸಿಕೊಳ್ಳುತ್ತೇನೆಂಬ ನಿನ್ನ ನಿರ್ಧಾರ ಕೇಳಿ ನಿಮ್ಮಪ್ಪ ಗಾಬರಿಗೊಂಡಿದ್ದಾನೆ, ನಾನು ಗಾಬರಿಗೊಂಡಿಲ್ಲ. ನೀನು ಕಳಿಸಿದ ಮೊದಲ ಅಧ್ಯಾಯವನ್ನು ಎರಡು ಸಲ ಓದಿದೆ. 30 ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವನಿಗೆ ಕೆಂಪು ಶಾಯಿ ಹಿಡಿಯದೆ ಓದುವುದು ಬರುವುದಿಲ್ಲ, ಬೇಸರಿಸಬೇಡ.

ಅಧ್ಯಾಯದ ತುಂಬ ಪದಕ, ಹಾರ, ಸನ್ಮಾನಗಳೇ ಇವೆ. ಅವನ್ನೆಲ್ಲ ಪತ್ರಿಕೆಯವರು ಆಗಲೇ ಬರೆದಿದ್ದಾರೆ. ಎದುರಾಳಿಗಳ ಅಂಗಳಕ್ಕೆ ನುಗ್ಗುವ 30 ಸೆಕೆಂಡಿನ ರೈಡಿನಲ್ಲಿ, ಒಂದು ಕಾಲನ್ನು ಬೋನಸ್ ಗೆರೆಯಾಚೆ ಚಾಚಿ ಇನ್ನೊಂದನ್ನು ಗಾಳಿಯಲ್ಲಿ ಹಿಡಿದಿರುವಾಗ, ಬೆನ್ನ ಹಿಂದಿನ ಮೂಲೆಯವನು ನಿನ್ನ ಹಿಮ್ಮಡಿಗೆ ಕೈ ಹಾಕಲಿದ್ದಾನೆಂದು ನಿನಗೆ ಹೇಗೆ ತಿಳಿಯುತ್ತಿತ್ತು? ಎರಡು ರೈಡು ಬರಿಗೈಯಲ್ಲಿ ಮರಳಿದ ಬಳಿಕ ಮೂರನೆಯದಕ್ಕೆ, ಅಂಕ ತರದಿದ್ದರೆ ಔಟ್ ಎಂದು ಗೊತ್ತಿದ್ದೂ ಹೊರಡುವವನ ಬಾಯಿ ಹೇಗೆ ಒಣಗುತ್ತದೆ? ಗ್ಯಾಲರಿಯಲ್ಲಿ ಕುಳಿತವನು ಇದನ್ನು ಬರೆಯಲಾರ. ನೀನು ಸೋತ ಸೆಮಿಫೈನಲ್ಲಿನ ಪ್ರಸ್ತಾಪವೇ ನಿನ್ನ ಹಾಳೆಗಳಲ್ಲಿಲ್ಲವಲ್ಲ, ಯಾಕಪ್ಪ?

ಇಂಗ್ಲೆಂಡಿನ ಡಿಕ್ ಫ್ರಾನ್ಸಿಸ್ ಕುದುರೆ ಸವಾರರಾಗಿದ್ದವರು. 1956ರ ಗ್ರ್ಯಾಂಡ್ ನ್ಯಾಷನಲ್ ಓಟದಲ್ಲಿ ರಾಜಮಾತೆಯ ಡೆವನ್ ಲಾಕ್ ಎಂಬ ಕುದುರೆ ಫ್ರಾನ್ಸಿಸರನ್ನು ಹೊತ್ತು ಎಲ್ಲರಿಗಿಂತ ಮುಂದಿತ್ತು. ಗೆಲುವಿನ ಗೆರೆ ಕಣ್ಣೆದುರಿಗಿದ್ದಾಗ, ಕಾರಣವೇ ತಿಳಿಯದಂತೆ, ಹೊಟ್ಟೆಯ ಮೇಲೆ ಕುಸಿದುಬಿಟ್ಟಿತು. ಮರುವರ್ಷ ಸವಾರಿ ಬಿಟ್ಟು, ಆತ್ಮಕಥೆ ಬರೆದು, ಲಂಡನ್ನಿನ ವಾರಪತ್ರಿಕೆಯೊಂದಕ್ಕೆ ಕುದುರೆ ಓಟದ ವರದಿಗಾರರಾದರು. ಆ ಕೆಲಸ 16 ವರ್ಷ ನಡೆಯಿತು. ಮೊದಲ ಕಾದಂಬರಿ ಬಂದದ್ದು 1962ರಲ್ಲಿ. ಆಮೇಲೆ ಬರೆದ ನಲವತ್ತಕ್ಕೂ ಹೆಚ್ಚು ಪುಸ್ತಕಗಳು ಲೋಕವೆಲ್ಲ ಓದುವಂತಾದವು. ಶಾಲೆಯನ್ನು 15ಕ್ಕೇ ಬಿಟ್ಟವರು ಅವರು, ಆದ್ದರಿಂದ ನಿನ್ನ ಓದು ಕಡಿಮೆಯಾಯಿತೆಂಬ ಅಳುಕನ್ನು ಬದಿಗಿಡು. ನನಗೆ ಮುಖ್ಯವಾಗಿ ಕಾಣುವುದು ಸವಾರಿ ಬಿಟ್ಟ ಮೇಲಿನ ಆ ಐದು ವರ್ಷ: ವಾರಕ್ಕೊಮ್ಮೆ, ಮನಸ್ಸಿದ್ದರೂ ಇಲ್ಲದಿದ್ದರೂ, ಗೊತ್ತಾದ ಹೊತ್ತಿಗೆ ಗೊತ್ತಾದಷ್ಟು ಬರೆದುಕೊಟ್ಟದ್ದು. ನಿನಗೆ ಇದು ಹೊಸದಲ್ಲ. ಬೆಳಗಿನ ನಾಲ್ಕೂವರೆಗೆದ್ದು ಬೈಠಕ್ ಹೊಡೆದವನು ನೀನು. ದೊಡ್ಡ ಪುಸ್ತಕವನ್ನು ಸದ್ಯಕ್ಕೆ ಮಡಿಸಿಟ್ಟು, ಯಾವುದಾದರೂ ಪತ್ರಿಕೆಗೆ ವಾರಕ್ಕೊಂದು 400 ಪದದ ಲೇಖನ ಬರೆಯತೊಡಗು.

ಇನ್ನೆರಡು ಮಾತು. ಕ್ರೀಡಾ ಕೋಟಾದಲ್ಲಿ ಸಿಕ್ಕ ನೌಕರಿಯನ್ನು ಬಿಡಬೇಡ. ಕನ್ನಡದಲ್ಲಿ ಬರೆದು ಮನೆ ನಡೆಸಿದವರು ಎಷ್ಟು ಮಂದಿಯೆಂಬುದನ್ನು ಕರಡು ತಿದ್ದುವವರ ಕೋಣೆಯಿಂದಲೇ ಕಂಡಿದ್ದೇನೆ. ನೀನು ಹೇಳುತ್ತಾ ಹೋದರೆ ತಾನು ಬರೆದುಕೊಡುತ್ತೇನೆಂದ ಆ ಗೆಳೆಯನಿಗೆ ಚಹಾ ಕೊಟ್ಟು ಕಳಿಸು. ಅವನ ಭಾಷೆ ನಿನ್ನದಕ್ಕಿಂತ ನಯವಾಗಿರಬಹುದು, ಆದರೆ ಅವನ ಹಿಮ್ಮಡಿಯನ್ನು ಯಾರೂ ಹಿಡಿದಿಲ್ಲ.

ಯುಗಾದಿಗೆ ಊರಿಗೆ ಬರುವಾಗ ಆ ಸೆಮಿಫೈನಲ್ಲನ್ನು ಬರೆದು ತಾ. ಅಂಚನ್ನು ಅಗಲವಾಗಿ ಬಿಡು, ನನಗೆ ತಿದ್ದಲು ಜಾಗ ಬೇಕು.

ಇತಿ,
ನಿನ್ನ ದೊಡ್ಡಪ್ಪ